ಹತ್ತೊಂಬತ್ತು ಗೀಟಿನ ಅಚ್ಚು

ಆ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಕೋಣೆಯಿದೆ. ಬಾಗಿಲ ಮೇಲೆ ಅದಕ್ಕೊಂದು ಉದ್ದನೆಯ ಹೆಸರು ಬರೆಸಿದ್ದಾರೆ. ಓದಲು ಹೊರಟವರಿಗೆ ಅರ್ಧದಲ್ಲೇ ಆಕಳಿಕೆ ಬರುತ್ತದೆ, ಹಾಗಾಗಿ ಎಲ್ಲರ ಬಾಯಲ್ಲೂ ಅದು ಅಚ್ಚಿನ ಕೋಣೆ. ಅಲ್ಲಿ ಕೆಲಸ ಮಾಡುವವನು ಅಚ್ಚಣ್ಣ. ಅವನಿಗೂ ಅಪ್ಪ ಇಟ್ಟ ಹೆಸರೊಂದು ಇತ್ತು, ಹಾಜರಿ ಪುಸ್ತಕದಲ್ಲಿ ಈಗಲೂ ಇದೆ. ಆದರೆ ಇಪ್ಪತ್ತೇಳು ವರ್ಷ ಒಂದೇ ಕೋಣೆಯಲ್ಲಿ ಅಚ್ಚು ತೆಗೆದವನನ್ನು ಜನ ಇನ್ನೇನಂತ ಕರೆದಾರು? ಅವನ ಹೆಂಡತಿಯೇ ಒಮ್ಮೊಮ್ಮೆ ಬಾಯ್ತಪ್ಪಿ ಹಾಗೆ ಕರೆದು ನಾಲಿಗೆ ಕಚ್ಚಿಕೊಂಡಿದ್ದಾಳೆ.

ಕೆಲಸ ಇಷ್ಟೇ. ಬಾಯಿಗೋ ಗಂಟಲಿಗೋ ಕತ್ತಿಗೋ ಕ್ಯಾನ್ಸರ್ ಆದವರಿಗೆ ಮಶೀನಿನಿಂದ ಕಿರಣ ಬಿಡುತ್ತಾರಲ್ಲ, ಜನ ‘ಕರೆಂಟು ಕೊಡೋದು’ ಅನ್ನುತ್ತಾರೆ, ಆ ಹೊತ್ತಿನಲ್ಲಿ ತಲೆ ಒಂದಿಷ್ಟೂ ಅಲುಗಬಾರದು. ಅಲುಗಿದರೆ ಹುಣ್ಣಿಗೆ ಬೀಳಬೇಕಾದ ಕಿರಣ ಕಣ್ಣಿಗೋ ಬೆನ್ನುಹುರಿಗೋ ಬೀಳುತ್ತದೆ. ಅದಕ್ಕೇ ಪ್ರತಿಯೊಬ್ಬರ ಮುಖಕ್ಕೂ ಅವರದ್ದೇ ಒಂದು ಅಚ್ಚು. ಬಿಳಿ ಪ್ಲಾಸ್ಟಿಕ್ ಹಾಳೆ, ಮೈತುಂಬ ಸಣ್ಣ ತೂತು, ಸುತ್ತ ಗಟ್ಟಿ ಚೌಕಟ್ಟು. ಬಿಸಿನೀರಿಗೆ ಬಿಟ್ಟರೆ ಎರಡು ನಿಮಿಷದಲ್ಲಿ ನಾದಿದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಅದನ್ನು ಮಲಗಿದವರ ಮುಖದ ಮೇಲೆ ಎಳೆದು, ಮೂಗು ಹುಬ್ಬು ಗದ್ದ ಒತ್ತಿ, ಹತ್ತು ನಿಮಿಷ ಹಿಡಿದುಕೊಂಡರೆ ಆ ಮುಖ ಹಾಳೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ದಿನಕ್ಕೊಂದು ಸಲದಂತೆ ಮೂವತ್ತಮೂರು ಸಲ ಅದನ್ನೇ ತೊಡಿಸಿ, ಮೇಜಿಗೆ ಬಿಗಿದು ಕರೆಂಟು ಕೊಡುತ್ತಾರೆ.

ಆ ಹಾಳೆಗೊಂದು ಗುಣವಿದೆ. ಮತ್ತೆ ಬಿಸಿನೀರಿಗೆ ಹಾಕಿದರೆ ಮೊದಲು ಮೂಗು ಇಳಿಯುತ್ತದೆ, ಆಮೇಲೆ ಹುಬ್ಬು, ಕೊನೆಗೆ ಗದ್ದ. ಐದು ನಿಮಿಷದಲ್ಲಿ ಅದು ಯಾರ ಮುಖವೂ ಅಲ್ಲದ ಚಪ್ಪಟೆ ಹಾಳೆ. ಉಳ್ಳವರ ದೇಶಗಳಲ್ಲಿ ಒಬ್ಬರಿಗೆ ಒಂದು ಹಾಳೆ, ಚಿಕಿತ್ಸೆ ಮುಗಿದ ಮೇಲೆ ಬೇಕಾದರೆ ಮನೆಗೆ ಒಯ್ದು ಗೋಡೆಗೆ ತಗುಲಿಸಿಕೊಳ್ಳುತ್ತಾರಂತೆ. ಇಲ್ಲಿ ಆ ಭಾಗ್ಯ ಎಲ್ಲಿಂದ ಬರಬೇಕು? ಒಂದೊಂದು ಹಾಳೆಯೂ ಐದು ಮುಖ, ಆರು ಮುಖ ಹೊತ್ತು, ಸವೆದು, ಹರಿಯುವ ಹಾಗಾದ ಮೇಲೆಯೇ ಕಸದ ಬುಟ್ಟಿ ಕಾಣುವುದು. ಬಿಸಿನೀರಿನ ತೊಟ್ಟಿಗೆ ಅಚ್ಚಣ್ಣ ‘ಹಂಡೆ’ ಅನ್ನುತ್ತಿದ್ದ. ಅದನ್ನು ಮಾರಿದ ಕಂಪನಿಯವರು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

ಕೋಣೆಯ ಗೋಡೆಗೆ ಮೊಳೆಗಳ ಸಾಲು. ಚಿಕಿತ್ಸೆ ನಡೆಯುತ್ತಿರುವವರ ಅಚ್ಚು ಮೊಳೆಯಲ್ಲಿ ತೂಗುತ್ತದೆ, ಅದಕ್ಕೆ ‘ಓಡ್ತಾ ಇದೆ’ ಅನ್ನಬೇಕು. ಮುಗಿದ ಅಚ್ಚನ್ನು ಮೊಳೆಯಿಂದ ತೆಗೆದು ಕೆಳಗಿನ ಪೆಟ್ಟಿಗೆಗೆ ಹಾಕುತ್ತಾರೆ, ಅದು ‘ಇಳೀತು’. ಮೂವತ್ತಮೂರನ್ನೂ ಮುಗಿಸಿ ನಗುತ್ತಾ ಮನೆಗೆ ಹೋದವರ ಅಚ್ಚೂ ಇಳೀತು, ಅರ್ಧದಲ್ಲೇ ಕಣ್ಣು ಮುಚ್ಚಿದವರ ಅಚ್ಚೂ ಇಳೀತು. ಎರಡಕ್ಕೂ ಒಂದೇ ಮಾತು. ಹಿಂದೊಮ್ಮೆ ಒಂದೇ ಹೆಸರಿನ ಇಬ್ಬರ ಅಚ್ಚು ಅದಲುಬದಲಾಗಿ, ಮೂಗು ಒಳಗೆ ಹೋಗದೆ, ಮಶೀನ್ ನಡೆಸುವ ಮೇಡಂ ಕೊನೇ ಗಳಿಗೆಯಲ್ಲಿ ಕಂಡುಹಿಡಿದಿದ್ದರು. ಅಂದಿನಿಂದ ಅಚ್ಚಣ್ಣ ಆಸ್ಪತ್ರೆಯ ನಂಬರಿನ ಕೆಳಗೆ, ಹಣೆಯ ಟೇಪಿನ ಮೇಲೆ, ಕಸುಬನ್ನೋ ಅಡ್ಡಹೆಸರನ್ನೋ ಬರೆಯತೊಡಗಿದ. ‘ಗಡಿಯಾರ ರಿಪೇರಿ’, ‘ಕೋಳಿ ಅಂಗಡಿ’, ‘ಜೋರು ಗೊರಕೆ’. ಒಂದು ದಿನದ ಕರೆಂಟಿಗೆ ಒಂದು ಗೀಟು.

ಮೇಲಿನ ಸಾಲಿನ ಮೊದಲ ಮೊಳೆಯಲ್ಲಿ, ಗಾಳಿಕಿಂಡಿಯ ಬೆಳಕು ಬೀಳುವ ಕಡೆ, ಒಂದು ಅಚ್ಚು ಒಂಬತ್ತು ವರ್ಷದಿಂದ ಇಳಿದಿರಲಿಲ್ಲ. ಟೇಪಿನ ಮೇಲೆ ‘ಅಕ್ಕ’ ಅಂತಿತ್ತು. ಅದರ ಪಕ್ಕ ಹತ್ತೊಂಬತ್ತು ಗೀಟು. ಹೊಸಬರು ಯಾರಾದರೂ ಕೇಳಿದರೆ ಅಚ್ಚಣ್ಣ ತಲೆ ಎತ್ತದೆ ‘ಅದು ಓಡ್ತಾ ಇದೆ’ ಅನ್ನುತ್ತಿದ್ದ. ಎಲ್ಲ ಹೆಂಗಸರೂ ಯಾರಿಗಾದರೊಬ್ಬರಿಗೆ ಅಕ್ಕನೇ ಆದ್ದರಿಂದ ಕೇಳಿದವರು ಸುಮ್ಮನಾಗುತ್ತಿದ್ದರು.

ಅವಳು ಅಚ್ಚಣ್ಣನ ಸ್ವಂತ ಅಕ್ಕ. ಎಂಟು ವರ್ಷಕ್ಕೆ ದೊಡ್ಡವಳು. ಅಮ್ಮ ಬೇಗ ಹೋದದ್ದರಿಂದ ಅವನಿಗೆ ತಲೆ ಬಾಚಿದವಳು, ಅಕ್ಷರ ತಿದ್ದಿಸಿದವಳು, ಕಿವಿ ಹಿಂಡಿದವಳು ಎಲ್ಲ ಅವಳೇ. ಅಪ್ಪನದು ಬಟ್ಟೆ ಅಂಗಡಿಗಳಿಗೆ ಗೊಂಬೆ ಮಾಡುವ ಕಸುಬು. ಅಂಗಡಿ ಮುಂದೆ ಗಾಜಿನೊಳಗೆ ಹೊಸ ಬಟ್ಟೆ ತೊಟ್ಟು ನಿಲ್ಲುತ್ತವಲ್ಲ, ಆಳೆತ್ತರದ ಗೊಂಬೆಗಳು, ಅವು. ಬೀದಿಯ ಕೊನೆಗೆ ಉದ್ದನೆಯ ತಗಡಿನ ಶೆಡ್ಡು. ಅಪ್ಪ ಒಂದು ಮೂಲೆಯಲ್ಲಿ ಕಾಲು ಎರಕ ಹೊಯ್ಯುತ್ತಿದ್ದ, ಇನ್ನೊಂದು ಮೂಲೆಯಲ್ಲಿ ಕೈಗಳು ಒಣಗುತ್ತಿದ್ದವು, ನಡುವೆ ಮುಕ್ಕಾಲಿಯ ಮೇಲೆ ಅಕ್ಕ ಕೂತು ಮುಖಗಳಿಗೆ ಬಣ್ಣ ಹಚ್ಚುತ್ತಿದ್ದಳು. ಶಾಲೆಯಿಂದ ಬಂದ ತಮ್ಮ ಕೈಕಾಲುಗಳ ರಾಶಿಯನ್ನು ದಾಟಿಕೊಂಡು ಹೋಗಿ ಅವಳ ಪಕ್ಕ ಕೂರುತ್ತಿದ್ದ. ಬಣ್ಣದ ಎಣ್ಣೆಯ ವಾಸನೆ, ತಗಡಿನ ಬಿಸಿ, ಅಪ್ಪನ ಕೆಮ್ಮು, ಸಣ್ಣ ದನಿಯಲ್ಲಿ ಅಕ್ಕ ಹೇಳುವ ಬೀದಿಯ ಸುದ್ದಿ. ಅಷ್ಟು ಸುಖವಾಗಿ ಅವನು ಮತ್ತೆಲ್ಲೂ ಕೂತದ್ದಿಲ್ಲ.

ಅಕ್ಕನಿಗೊಂದು ಚಪಲವಿತ್ತು. ಗೊಂಬೆಗೆ ಸುಮ್ಮನೆ ಯಾವುದೋ ಮುಖ ಕೊಡಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಒದ್ದೆ ಪ್ಲಾಸ್ಟರ್ ಗಾರೆಯ ಮೂಗನ್ನು ಹೆಬ್ಬೆರಳಲ್ಲಿ ತಿದ್ದಿ, ಹುಬ್ಬು ಎಳೆದು, ಬೀದಿಯ ಯಾರದ್ದಾದರೂ ಮುಖ ತಂದುಬಿಡುತ್ತಿದ್ದಳು. ಒಂದು ಸಲ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮೇಡಂ ಪೇಟೆಯಲ್ಲಿ ಹೋಗುತ್ತಾ ನೋಡುತ್ತಾರೆ, ಗಾಜಿನೊಳಗೆ ಅವರೇ ತೋಳಿಲ್ಲದ ಅಂಗಿ ತೊಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ರಂಪವೋ ರಂಪ. ಅಪ್ಪ ಹೋಗಿ ಕೈ ಮುಗಿದು, ಗೊಂಬೆಯ ಮೂಗು ಉಜ್ಜಿ ಬಂದ. ಶೆಡ್ಡಿಗೆ ಬಂದು ಅಕ್ಕನಿಗೆ ಬೈಯಲು ಬಾಯಿ ತೆರೆದವನು ತಾನೇ ನಕ್ಕುಬಿಟ್ಟ. ಅಕ್ಕನೂ ನಕ್ಕಳು, ಎಂದಿನಂತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಅವಳ ಮುಂದಿನ ಹಲ್ಲೊಂದು ಓರೆಯಾಗಿತ್ತು. ಊರಿನವರ ಮುಖವೆಲ್ಲ ತಿದ್ದುವವಳಿಗೆ ತನ್ನ ಒಂದು ಹಲ್ಲಿನ ಮೇಲೆ ಅಷ್ಟು ಸಿಟ್ಟು. ಫೋಟೋ ತೆಗೆಯುವಾಗಲೂ ಆ ಕೈ ತಾನಾಗಿ ಮೇಲೆ ಬರುತ್ತಿತ್ತು, ಹಾಗಾಗಿ ಅವಳ ಪೂರ್ತಿ ಮುಖವಿರುವ ಒಂದು ಫೋಟೋವೂ ಮನೆಯಲ್ಲಿಲ್ಲ.

ತಮ್ಮನಿಗೆ ಕೆಲಸ ಕಲಿಸಿದ್ದೂ ಅವಳೇ. “ಮೂಗಿಂದ ಶುರು ಮಾಡೋ. ಮೂಗು ಕೂತ್ರೆ ಮಿಕ್ಕಿದ್ದೆಲ್ಲ ಅದ್ರ ಹಿಂದೆ ಬರುತ್ತೆ” ಅಂತ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಆಮೇಲೆ ಕಾರ್ಖಾನೆಯ ಗೊಂಬೆಗಳು ಬಂದವು, ಹಗುರ, ಅಗ್ಗ, ಎಲ್ಲಕ್ಕೂ ಒಂದೇ ಮುಖ. ಕೆಲವಕ್ಕೆ ಮುಖವೇ ಇಲ್ಲ. ಅಪ್ಪ ಆ ಮುಖವಿಲ್ಲದ ಗೊಂಬೆಯನ್ನು ಮೊದಲ ಸಲ ನೋಡಿದ ದಿನ ಊಟ ಮಾಡಲಿಲ್ಲ. ಶೆಡ್ಡಿಗೆ ಬೀಗ ಬಿತ್ತು. ದೊಡ್ಡಾಸ್ಪತ್ರೆಗೆ ಗಾರೆ ಕೆಲಸ, ಎರಕದ ಕೆಲಸ ಬಲ್ಲ ಒಬ್ಬ ಬೇಕು ಅಂತ ಪೇಪರಿನ ಮೂಲೆಯಲ್ಲಿ ಬಂದದ್ದನ್ನು ಅಕ್ಕ ಕತ್ತರಿಸಿ ತಮ್ಮನ ಜೇಬಿಗೆ ತುರುಕಿದಳು. ಕ್ಯಾನ್ಸರ್ ಅಂದರೆ ಆಗ ಹತ್ತಿರ ಹೋದರೂ ಅಂಟುತ್ತದೆ ಅಂತ ಹೆದರುವ ಕಾಲ. ಅವನೂ ಹೆದರಿದ. ಗೊಂಬೆ ಮುಖ ಮಾಡಿದ್ದು ಸಾಕು, ಮನುಷ್ಯರ ಮುಖ ಮಾಡು ಹೋಗು ಅಂತ ಅವಳು ಬೆನ್ನಿಗೊಂದು ಗುದ್ದಿ ಕಳಿಸಿದಳು.

ಅವನು ಸೇರಿದಾಗ ಆಸ್ಪತ್ರೆಗೆ ಒಂದೇ ಮಶೀನು, ಮುಂದೆ ಎರಡು ಬೆಂಚು, ಅಚ್ಚಿನ ಕೋಣೆಯ ಗೋಡೆಗೆ ಹನ್ನೆರಡು ಮೊಳೆ. ಆ ಹನ್ನೆರಡೂ ಒಟ್ಟಿಗೆ ತುಂಬಿದ್ದೇ ಅಪರೂಪ. ಆಗ ಗಾರೆಯ ಅಚ್ಚು, ಒಂದಕ್ಕೆ ಒಂದಿಡೀ ದಿನ. ಗಾರೆ ಒಣಗುವ ತನಕ ರೋಗಿಯ ಜೊತೆ ಕೂತು ಹರಟೆ ಹೊಡೆಯುವಷ್ಟು ಪುರಸೊತ್ತಿತ್ತು. ಮಶೀನ್ ಕೆಟ್ಟರೆ ಎಲ್ಲರೂ ಅಂಗಳದ ಬಿಸಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು, ದೊಡ್ಡ ಡಾಕ್ಟರೂ ಬಂದು ಕೂರುತ್ತಿದ್ದರು. ಕಷ್ಟದ ಜಾಗವೇ ಆಗಿದ್ದರೂ ಅಚ್ಚಣ್ಣ ಆ ದಿನಗಳನ್ನು ನೆನೆದರೆ ಅವನ ಮುಖ ಸಡಿಲವಾಗುತ್ತದೆ.

ಈಗ ನಾಲ್ಕೂ ಗೋಡೆಗೆ ಮೊಳೆ, ಬಾಗಿಲ ನೆತ್ತಿಗೆ ಮೊಳೆ, ಸ್ವಿಚ್ ಬೋರ್ಡಿನ ಪಕ್ಕಕ್ಕೂ ಮೊಳೆ. ಒಂದಿದ್ದ ಮಶೀನು ಎರಡಾಯಿತು, ಜನ ಮಾತ್ರ ಇಪ್ಪತ್ತು ಪಟ್ಟು ಆದರು. ಆಗ ಬರುತ್ತಿದ್ದವರು ಹೆಚ್ಚಾಗಿ ಮುದುಕರು. ಈಗ ಮದುವೆಯ ವಯಸ್ಸಿನವರು ಬರುತ್ತಾರೆ, ಹಾಲು ಕುಡಿಯುವ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಮೇಜಿನ ಮೇಲೆ ಮಲಗುತ್ತಾರೆ. ಮೊದಲು ಔಷಧಿ ಅಂಗಡಿಯವನ ಮುಲಾಮು, ಆಮೇಲೆ ಹಲ್ಲು ಕೀಳುವವರು, ಆಮೇಲೆ ಯಾರೋ ಹೇಳಿದ ಬೇರು ಸೊಪ್ಪು, ಆಮೇಲೆ ಊರಿನ ಸಣ್ಣ ಆಸ್ಪತ್ರೆ. ಎಲ್ಲ ಸುತ್ತಿ ಇಲ್ಲಿಗೆ ಬರುವಷ್ಟರಲ್ಲಿ ಅವಲಕ್ಷಣದ ಗಡ್ಡೆ ತನ್ನ ಕೆಲಸ ಮುಂದುವರಿಸಿರುತ್ತದೆ. ಬಂದ ಮೇಲೂ ಮಶೀನಿಗೆ ಎರಡೂವರೆ ತಿಂಗಳ ಸಾಲು. ಕಾರಿಡಾರಿನಲ್ಲಿ ಚಾಪೆ ಹಾಸಿಕೊಂಡು, ಚೀಲಕ್ಕೆ ತಲೆಯಿಟ್ಟು ಕಾಯುತ್ತಾರೆ. ಹೊಸ ಹಾಳೆ ಕೇಳಿ ಬರೆದ ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ಇದ್ದ ಹಾಳೆ ಇನ್ನೆರಡು ಮುಖ ನೋಡಿರುತ್ತದೆ. ಇದನ್ನೆಲ್ಲ ಹೇಳುತ್ತಾ ಕೂತರೆ ಅಚ್ಚಣ್ಣನಿಗೆ ಹೊಟ್ಟೆ ಉರಿಯುತ್ತದೆ, ಹಾಗಾಗಿ ಹೇಳುವುದಿಲ್ಲ.

ಅಕ್ಕ ಕೊನೆಯವರೆಗೂ ಅವನ ಜೊತೆಯಲ್ಲೇ ಇದ್ದಳು. ಒಂದು ವರ್ಷ ಅವಳು ಊಟಕ್ಕೆ ತಡವಾಗಿ ಕೂರತೊಡಗಿದಳು. ಮಾತಾಡುವಾಗಲೂ ಬಾಯಿಗೆ ಕೈ ಅಡ್ಡ. ನಗುವಾಗಲೂ ಕೈ, ಸುಮ್ಮನಿರುವಾಗಲೂ ಕೈ. ಅಚ್ಚಣ್ಣ ನೋಡಿದ. ಚಿಕ್ಕಂದಿನಿಂದ ನೋಡಿದ್ದೇ ಅದು, ಓರೆ ಹಲ್ಲಿನ ನಾಚಿಕೆ, ಅದರಲ್ಲಿ ಹೊಸದೇನು? ಅಡುಗೆಮನೆಯಲ್ಲಿ ಲವಂಗದ ಎಣ್ಣೆಯ ವಾಸನೆ ಬಂದರೆ ಹಲ್ಲುನೋವಿರಬೇಕು ಅಂದುಕೊಂಡ. ದಿನಕ್ಕೆ ಎಂಟು ಮುಖ ಮುಟ್ಟಿ ನೋಡುವವನು, ದವಡೆ ಹಿಡಿದೇ ಹುಣ್ಣು ಯಾವ ಕಡೆ ಅಂತ ಹೇಳುವವನು, ಮನೆಗೆ ಬಂದು ಅಕ್ಕನ ಮುಖ ನೋಡಲಿಲ್ಲ. ಏಳು ತಿಂಗಳು ಕಳೆದ ಮೇಲೆ ಒಂದು ದಿನ ನೀರು ಕುಡಿಯುವಾಗ ಅವಳ ಕೈ ಲೋಟ ಹಿಡಿದಿತ್ತು, ಬಾಯಿ ಕಂಡಿತು, ಒಳಗಿನ ಹುಣ್ಣೂ ಕಂಡಿತು. ಯಾಕೆ ಹೇಳಲಿಲ್ಲ ಅಂತ ಕೂಗಾಡಿದ. ನಿನಗೆ ದಿನವಿಡೀ ಇದೇ ಆಯ್ತು, ಮನೆಗೆ ಬಂದ ಮೇಲೂ ಇದೇ ಯಾಕೆ ಅಂತ ಸುಮ್ಮನಿದ್ದೆ ಅಂದಳು. ಆ ಮಾತು ಅವನನ್ನು ಈಗಲೂ ಸುಡುತ್ತದೆ.

ಅವಳ ಅಚ್ಚನ್ನು ಅವನೇ ತೆಗೆದ. ಆಗಷ್ಟೇ ಬಂದಿದ್ದ ಹೊಸ ಹಾಳೆ, ಒಂದು ಮುಖವನ್ನೂ ನೋಡಿರದ್ದು. ಮೂಗಿನಿಂದ ಶುರು ಮಾಡಿದ. ಅರ್ಧ ಗಟ್ಟಿಯಾಗುವಷ್ಟರಲ್ಲಿ ಅವಳಿಗೆ ಉಸಿರು ಕಟ್ಟಿದಂತಾಗಿ ಕೈ ಬಡಿದಳು. ಅವನು ಅವಸರದಲ್ಲಿ ಕತ್ತರಿ ತಗೊಂಡು ಬಾಯಿಯ ಜಾಗಕ್ಕೆ ಎರಡು ಬೆರಳಗಲ ತೂತು ಕತ್ತರಿಸಿದ. ಅವಳು ಉಸಿರೆಳೆದುಕೊಂಡು ಆ ತೂತಿನಿಂದಲೇ ಮಾತಾಡಿದಳು. “ಈಗ ಕೈ ಅಡ್ಡ ಇಡೋಕಾಗಲ್ಲ ನೋಡು. ಸಿಕ್ಕಿಬಿದ್ದೆ.” ಅಚ್ಚು ಗಟ್ಟಿಯಾಯಿತು. ಅದರಲ್ಲಿ ಅವಳ ಮುಖ ಪೂರ್ತಿ ಇತ್ತು, ತುಟಿಯಂಚಿನ ನಗು ಸಮೇತ.

ಹತ್ತೊಂಬತ್ತು ದಿನ ಕರೆಂಟು ಕೊಟ್ಟರು. ಇಪ್ಪತ್ತನೆಯ ದಿನ ಅವಳು ಏಳಲಿಲ್ಲ. ಎರಡು ವಾರ ಬಿಟ್ಟು ಕೆಲಸಕ್ಕೆ ಬಂದ ಅಚ್ಚಣ್ಣ ಆ ಅಚ್ಚನ್ನು ಇಳಿಸಲು ಕೈ ಎತ್ತಿದ, ಗೀಟು ಎಣಿಸಿದ, ಮೂವತ್ತಮೂರು ಆಗಿಲ್ಲವಲ್ಲ ಅಂದುಕೊಂಡ. ಕೈ ಇಳಿಸಿದ. ಅದು ತಾನು ತನಗೇ ಹೇಳಿಕೊಂಡ ನೆಪ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಒಂಬತ್ತು ವರ್ಷ, ಪ್ರತಿ ಬೆಳಿಗ್ಗೆ, ಅದರ ಮೇಲಿನ ಧೂಳನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿದ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಒಬ್ಬಳು ಕಂಡಕ್ಟರಮ್ಮ ಬಂದಳು. ನಲವತ್ತರ ಹೆಂಗಸು, ದುಂಡು ಮುಖ, ಬಗಲಲ್ಲಿ ಚರ್ಮದ ಚೀಲ. ರಜೆಯಲ್ಲಿದ್ದರೂ ಆ ಚೀಲ ಬಿಟ್ಟು ಬಂದರೆ ಭುಜ ಖಾಲಿ ಅನ್ನಿಸುತ್ತದಂತೆ. ಜೊತೆಯಲ್ಲಿ ಅವಳ ಗಂಡ, ಅವಳದೇ ಬಸ್ಸಿನ ಡ್ರೈವರ್, ಮಾತಿಲ್ಲದ ಮನುಷ್ಯ. ಹದಿನಾಲ್ಕು ವರ್ಷದಿಂದ ಇವಳು ‘ರೈಟ್’ ಅಂದರೆ ಅವನು ಹೊರಡುತ್ತಾನೆ, ‘ಹೋಲ್ಡಾನ್’ ಅಂದರೆ ನಿಲ್ಲುತ್ತಾನೆ, ಮನೆಯಲ್ಲೂ ಹಾಗೇ ಅಂತ ಅವಳೇ ಹೇಳಿದಳು. ಹುಣ್ಣು ನಾಲಿಗೆಯಲ್ಲೇ ಇದ್ದುದರಿಂದ ಮಾತು ಹೊರಳುತ್ತಿತ್ತು, ಆದರೂ ಸುಮ್ಮನಿರುವ ಜಾತಿಯವಳಲ್ಲ. ಅಚ್ಚಣ್ಣ ಹಂಡೆಯಲ್ಲಿ ನೀರು ಕಾಯಿಸುವಾಗ ಗೋಡೆ ತುಂಬ ತೂಗುವ ಮುಖಗಳನ್ನು ನೋಡಿ ಇದೇನು, ಅದೇನು, ಗೀಟು ಯಾಕೆ, ಒಬ್ಬರಿಗೆ ಎಷ್ಟು ಅಂತ ಕೇಳಿದಳು. ‘ಓಡ್ತಾ ಇದೆ’, ‘ಇಳೀತು’ ಅನ್ನುವ ಮಾತು ಅವಳಿಗೆ ಬಹಳ ಹಿಡಿಸಿತು. ಇದು ನಮ್ಮ ಡಿಪೋನೇ ಅಂದುಬಿಟ್ಟಳು.

ಅವಳದು ಒಂದು ಅದೃಷ್ಟ. ಮಶೀನಿನ ಸಾಲಿನಲ್ಲಿ ಮುಂದಿದ್ದ ಯಾರೋ ಬರದೇ ಹೋದದ್ದರಿಂದ ಆ ಜಾಗ ಅವಳಿಗೆ ಸಿಕ್ಕಿತ್ತು. ಅಂದು ಹನ್ನೊಂದೂವರೆಗೆ ಅಚ್ಚು ತೊಟ್ಟು ಸ್ಕ್ಯಾನ್ ಆಗಬೇಕು. ಆಗದಿದ್ದರೆ ಜಾಗ ಮುಂದಿನವರಿಗೆ ಹೋಗುತ್ತದೆ, ಇವಳು ಮತ್ತೆ ಎರಡೂವರೆ ತಿಂಗಳು ಕಾಯಬೇಕು. ಆ ಗಡ್ಡೆ ಅಷ್ಟು ದಿನ ಕಾಯುವ ಗಡ್ಡೆಯಲ್ಲ ಅಂತ ದೊಡ್ಡ ಡಾಕ್ಟರು ಮೊದಲೇ ಹೇಳಿ ಕಳಿಸಿದ್ದರು.

ಅಚ್ಚಣ್ಣ ಪೆಟ್ಟಿಗೆಯಲ್ಲಿ ಉಳಿದಿದ್ದ ಕೊನೆಯ ಹಾಳೆ ತೆಗೆದು ನೀರಿಗೆ ಬಿಟ್ಟ. ಅದು ಏಳು ಮುಖ ಕಂಡ ಹಾಳೆ. ಎಳೆಯುತ್ತಿದ್ದಂತೆ ನಡುವೆ ಪರ್ರನೆ ಹರಿಯಿತು. ಅವನು ಸ್ಟೋರಿಗೆ ಓಡಿದ. ಹೊಸ ಹಾಳೆ ಬರಲು ಇನ್ನೂ ಹದಿನೈದು ದಿನ ಅಂದರು. ಮಶೀನ್ ಮೇಡಂ ಹತ್ತಿರ ಹೋದ. ಅವರು ಗಡಿಯಾರ ನೋಡಿ, ಹನ್ನೊಂದೂವರೆಯ ಮೇಲೆ ತಮ್ಮ ಕೈಯಲ್ಲಿ ಏನೂ ಇಲ್ಲ ಅಂದರು. ಪಾಪ, ಅವರ ಕೈಯಲ್ಲೂ ಏನಿತ್ತು. ವಾಪಸ್ ಬಂದು ಅಚ್ಚಣ್ಣ ಗೋಡೆ ನೋಡಿದ. ‘ಗಡಿಯಾರ ರಿಪೇರಿ’ಗೆ ಇನ್ನೂ ಆರು ದಿನ. ‘ಜೋರು ಗೊರಕೆ’ಗೆ ಹನ್ನೊಂದು. ಇಡೀ ಗೋಡೆಯಲ್ಲಿ ನಾಳೆ ಬೆಳಿಗ್ಗೆ ಕರೆಂಟಿಗೆ ಬಾರದವಳು ಒಬ್ಬಳೇ. ಗಂಟೆ ಹತ್ತೂಮುಕ್ಕಾಲು.

ಅವನು ಸ್ಟೂಲು ಹಾಕಿಕೊಂಡು ಮೇಲೆ ಹತ್ತಿ ಅಕ್ಕನ ಅಚ್ಚನ್ನು ಮೊಳೆಯಿಂದ ತೆಗೆದ. ಇದನ್ನು ನೀರಿಗೆ ಬಿಟ್ಟರೆ ಅವಳ ಮುಖ ಅನ್ನುವುದು ಇನ್ನೆಲ್ಲೂ ಇರುವುದಿಲ್ಲ. ಬಿಡದಿದ್ದರೆ ಈ ಹೆಂಗಸು ವಾಪಸ್ ಬಸ್ಸು ಹತ್ತುತ್ತಾಳೆ. ಹಂಡೆಯ ಹತ್ತಿರ ಬಂದು ನಿಂತ, ನಿಂತೇ ಇದ್ದ. ಆಗ ಕಂಡಕ್ಟರಮ್ಮ ಪಕ್ಕಕ್ಕೆ ಬಂದು ಟೇಪಿನ ಮೇಲೆ ಬೆರಳಿಟ್ಟು, ತಲೆ ಎಣಿಸಿ ಅಭ್ಯಾಸವಾದವಳ ಹಾಗೆ, ಗೀಟುಗಳನ್ನು ಎಣಿಸಿದಳು.

“ಬೇಡ ಅಣ್ಣ,” ಅಂದಳು. “ಈ ಅಕ್ಕಂಗೆ ಇನ್ನೂ ಹದಿನಾಲ್ಕು ಇದೆ. ಸ್ಟಾಪ್ ಬರೋಕೆ ಮುಂಚೆ ನಾನು ಯಾರನ್ನೂ ಇಳಿಸಿದೋಳಲ್ಲ. ನಾಳೆ ಅವ್ರು ಬಂದು ನಂದೆಲ್ಲಿ ಅಂತ ಕೇಳಿದ್ರೆ ಏನ್ ಹೇಳ್ತೀರಿ? ನಾನು ಕಾಯ್ತೀನಿ ಬಿಡಿ.”

ಹೇಳಿದ್ದಷ್ಟೇ ಅಲ್ಲ, ಚೀಲ ಸರಿಮಾಡಿಕೊಂಡು ಬಾಗಿಲ ಕಡೆಗೂ ಹೆಜ್ಜೆಯಿಟ್ಟಳು. ಒಂಬತ್ತು ವರ್ಷ ಅಚ್ಚಣ್ಣ ಹೇಳದೆ ಉಳಿಸಿಕೊಂಡು ಬಂದಿದ್ದ ಮಾತೊಂದಿತ್ತು. ಹೆಂಡತಿಯ ಮುಂದೆ ಹೇಳಿರಲಿಲ್ಲ, ದೊಡ್ಡ ಡಾಕ್ಟರ ಮುಂದೆ ಹೇಳಿರಲಿಲ್ಲ. ಈಗ ಹೇಳದಿದ್ದರೆ ಈ ಹೆಂಗಸು ಹೊರಟೇ ಹೋಗುತ್ತಾಳೆ, ಅವನ ಸುಳ್ಳನ್ನು ನಂಬಿಕೊಂಡು, ಇಲ್ಲದವಳಿಗೆ ಜಾಗ ಬಿಟ್ಟುಕೊಟ್ಟು.

“ಅವಳು ಬರಲ್ಲಮ್ಮ,” ಅಂದ. “ಅವಳ ಸ್ಟಾಪ್ ಬಂದು ಒಂಬತ್ತು ವರ್ಷ ಆಯ್ತು. ನಾನೇ ಇಳಿಸಿಲ್ಲ.”

ಕಂಡಕ್ಟರಮ್ಮ ತಿರುಗಿ ನಿಂತಳು. ಅಚ್ಚು ನೋಡಿದಳು, ಅವನ ಮುಖ ನೋಡಿದಳು. ಮೂಗು ಇಬ್ಬರದೂ ಒಂದೇ. ಅದಕ್ಕಿಂತ ಹೆಚ್ಚು ಯಾರೂ ಹೇಳಬೇಕಾಗಿರಲಿಲ್ಲ. ಆ ಮಾತಿಲ್ಲದ ಡ್ರೈವರ್ ಕೂಡ ಬಾಗಿಲಲ್ಲಿ ತಲೆ ತಗ್ಗಿಸಿದ. ಅವಳು ಚೀಲವನ್ನು ಭುಜದಿಂದ ತೆಗೆದು ಗಂಡನ ಕೈಗೆ ಕೊಟ್ಟಳು.

“ಹಾಗಿದ್ರೆ ನಿಧಾನಕ್ಕೆ ಇಳಿಸಿ ಅಣ್ಣ,” ಅಂದಳು. “ಅವಸರ ಮಾಡ್ಬೇಡಿ. ನಾನು ನಿಲ್ಲಿಸ್ಕೊಂಡಿರ್ತೀನಿ.”

ಅಚ್ಚಣ್ಣ ಟೇಪನ್ನು ಹುಷಾರಾಗಿ ಬಿಡಿಸಿ, ಕನ್ನಡಕದ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿದ. ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟ. ಮೊದಲು ಮೂಗು ಇಳಿಯಿತು. ಆಮೇಲೆ ಹುಬ್ಬು. ತುಟಿಯಂಚಿನ ನಗು ಸ್ವಲ್ಪ ಹೊತ್ತು ಉಳಿದಿತ್ತು, ಗದ್ದದ ಜೊತೆ ಅದೂ ಹೋಯಿತು. ಅವನು ಅತ್ತ. ಮುಚ್ಚಿಕೊಳ್ಳಲಿಲ್ಲ, ಕಣ್ಣೀರು ಹಂಡೆಗೇ ಬಿತ್ತು. ಕೊನೆಗೆ ನೀರಿನಲ್ಲಿ ಉಳಿದದ್ದು ಚಪ್ಪಟೆಯಾದ ಬಿಳಿ ಹಾಳೆ, ಅದರ ನಡುವೆ ಅವನೇ ಕತ್ತರಿಸಿದ್ದ ಎರಡು ಬೆರಳಗಲದ ತೂತು. ಅದೊಂದು ಮುಚ್ಚಿಕೊಳ್ಳುವ ಹಾಗಿರಲಿಲ್ಲ.

ಕಂಡಕ್ಟರಮ್ಮ ಮಲಗಿ ಕಣ್ಣು ಮುಚ್ಚಿದಳು. ಅವನು ಹಾಳೆಯ ನೀರು ಒರೆಸಿ, ತೂತು ಅವಳ ಬಾಯಿಗೆ ಸರಿಯಾಗಿ ಬರುವ ಹಾಗೆ ನೋಡಿಕೊಂಡು ಎಳೆದ. ಒಂದೇ ಮುಖ ನೋಡಿದ್ದ ಹಾಳೆ, ಗಟ್ಟಿಮುಟ್ಟಾಗಿತ್ತು, ಎಲ್ಲೂ ಹರಿಯಲಿಲ್ಲ. ಮೂಗಿನಿಂದ ಶುರು ಮಾಡಿದ. ಮೂಗು ಕೂತಿತು, ಮಿಕ್ಕಿದ್ದೆಲ್ಲ ಅದರ ಹಿಂದೆ ಬಂತು. ಹತ್ತು ನಿಮಿಷ ಆ ಹೊಸ ಮುಖವನ್ನು ಎರಡು ಅಂಗೈಯಲ್ಲಿ ಹಿಡಿದುಕೊಂಡು ನಿಂತಾಗ, ಬಣ್ಣದ ಎಣ್ಣೆಯ ವಾಸನೆಯ ಆ ಶೆಡ್ಡು, ಮುಕ್ಕಾಲಿ, ಅಕ್ಕನ ಹೆಬ್ಬೆರಳು ಎಲ್ಲ ಅವನ ಪಕ್ಕದಲ್ಲೇ ಇದ್ದಂತಿತ್ತು. ಹೊಸ ಟೇಪಿನ ಮೇಲೆ ‘ಕಂಡಕ್ಟರಮ್ಮ’ ಅಂತ ಬರೆದ. ಹನ್ನೊಂದು ಇಪ್ಪತ್ತಕ್ಕೆ ಅವಳು ಸ್ಕ್ಯಾನಿಗೆ ಹೋದಳು. ಸ್ಕ್ಯಾನ್ ಮುಗಿದು ಬಂದ ಅಚ್ಚನ್ನು ಮೇಲಿನ ಸಾಲಿನ ಮೊದಲ ಮೊಳೆಗೆ ತಗುಲಿಸಿದ.

ಒಂದು ವಾರ ಬಿಟ್ಟು ಅವಳಿಗೆ ಮೊದಲ ಕರೆಂಟು. ಅಚ್ಚಣ್ಣ ಸಾಮಾನ್ಯವಾಗಿ ಮಶೀನಿನ ಕಡೆ ಹೋಗುವವನಲ್ಲ, ಅಂದು ಹೋದ. ಒಳಗೆ ಅವಳನ್ನು ಮಲಗಿಸಿ, ಅಚ್ಚು ತೊಡಿಸಿ, ಮೇಜಿಗೆ ಬಿಗಿದು, ದಪ್ಪ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದರು. ಮಶೀನ್ ಮೇಡಂ ಮೈಕಿನ ಗುಂಡಿ ಒತ್ತಿ, “ಶುರು ಮಾಡ್ಲೇನಮ್ಮಾ? ಸರಿ ಇದ್ರೆ ಒಂದು ಬೆರಳೆತ್ತಿ ಸಾಕು” ಅಂದರು. ಪರದೆಯ ಮೇಲೆ ಎಲ್ಲರೂ ಬೆರಳು ನೋಡುತ್ತಿದ್ದರು. ಬೆರಳು ಏಳಲಿಲ್ಲ. ಅಕ್ಕನ ಬಾಯಿಗೆಂದು ಅಚ್ಚಣ್ಣ ಕತ್ತರಿಸಿದ್ದ ಆ ತೂತಿನಿಂದ, ಸ್ಪೀಕರಿನಲ್ಲಿ, ಹೊರಳುವ ನಾಲಿಗೆಯ ಒಂದೇ ಮಾತು ಹೊರಗೆ ಬಂತು.

“ರೈಟ್.”

ಹಿಂದೆ ಗೋಡೆಗೊರಗಿ ನಿಂತಿದ್ದ ಡ್ರೈವರನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಮಶೀನು ಗುಂಯ್ ಅಂದಿತು. ಅಚ್ಚು ವಾಪಸ್ ಕೋಣೆಗೆ ಬಂದ ಮೇಲೆ ಅಚ್ಚಣ್ಣ ಕನ್ನಡಕದ ಡಬ್ಬಿ ತೆರೆದು, ಕನ್ನಡಕ ಹಾಕಿಕೊಂಡು, ಟೇಪಿನ ಮೇಲೆ ಮೊದಲ ಗೀಟು ಎಳೆದ.